ಬ್ಯಾಂಕ್ ಕೆಲಸ ಬಿಟ್ಟು ತಿಗರಿ ಹಿಡಿದ ಬರ್ನಾರ್ಡ್ ಲೀಚ್

ಬೆಂಗಳೂರು, ಮೈಸೂರಿನ ಕೆಲವು ಅಂಗಡಿಗಳಲ್ಲಿ ಈಗ ಒಂದು ಬಗೆಯ ಕಪ್ ಕಾಣಿಸುತ್ತದೆ. ಕಂದು, ಬೂದು ಅಥವಾ ಮಾಸಲು ಹಸಿರು ಬಣ್ಣ, ಕೈಗೆ ಸ್ವಲ್ಪ ಭಾರ, ತಳದಲ್ಲಿ ಮೆರುಗಿಲ್ಲದ ಒರಟು ಮಣ್ಣು, ಪಕ್ಕದಲ್ಲಿ ಮಾಡಿದವರ ಪುಟ್ಟ ಮುದ್ರೆ. ಸ್ಟುಡಿಯೋ ಪಾಟರಿ ಅಂತ ಅದಕ್ಕೆ ಹೆಸರು. ಬೆಲೆ ಕೇಳಿದವರು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿ ನೋಡುತ್ತಾರೆ. ಮಣ್ಣಿನ ಕಪ್ಪಿಗೆ ಇಷ್ಟು ದುಡ್ಡಾ ಅನ್ನುವ ಪ್ರಶ್ನೆ ಇವತ್ತಿನದಲ್ಲ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಮೀನುಗಾರರ ಊರಿನಲ್ಲಿ ಭಟ್ಟಿ ಕಟ್ಟಿದ ಬರ್ನಾರ್ಡ್ ಲೀಚ್ ಈ ಪ್ರಶ್ನೆಯನ್ನು ಬದುಕಿಡೀ ಎದುರಿಸಿದರು. ಉತ್ತರ ಹುಡುಕುವುದರಲ್ಲಿ ಸಾಲ ಮಾಡಿದರು, ಮಗನ ಜೊತೆ ಭಿನ್ನಾಭಿಪ್ರಾಯ ಕಟ್ಟಿಕೊಂಡರು, ಕೊನೆಗೆ ಅದೇ ಮಗನಿಂದ ಉಳಿದುಕೊಂಡರು. ಸ್ಟುಡಿಯೋ ಪಾಟರಿಯ ತಂದೆ ಅಂತ ಇಂದು ಜಗತ್ತು ಕರೆಯುವುದು ಇವರನ್ನೇ.

ಲೀಚ್ ಕುಂಬಾರರ ಮನೆಯವರಲ್ಲ. ಹುಟ್ಟಿದ್ದು 1887ರ ಜನವರಿ 5ರಂದು, ಹಾಂಗ್‌ಕಾಂಗ್‌ನಲ್ಲಿ. ತಂದೆ ಬ್ರಿಟಿಷ್ ವಸಾಹತಿನಲ್ಲಿ ವಕೀಲರು, ಮುಂದೆ ನ್ಯಾಯಾಧೀಶರು. ಹೆರಿಗೆಯಲ್ಲೇ ತಾಯಿ ತೀರಿಕೊಂಡರು. ಹಸುಗೂಸನ್ನು ಜಪಾನಿನಲ್ಲಿದ್ದ ತಾಯಿಯ ತಂದೆ-ತಾಯಿ ಒಯ್ದು ಸಾಕಿದರು. ಹೀಗಾಗಿ ಆ ಮಗು ಮೊದಲು ನಡೆದ ನೆಲ ಜಪಾನಿನದು. ನಾಲ್ಕು ವರ್ಷ ತುಂಬುವ ಹೊತ್ತಿಗೆ ತಂದೆ ಮರುಮದುವೆಯಾಗಿ ಮಗನನ್ನು ಕರೆಸಿಕೊಂಡರು. ಹಾಂಗ್‌ಕಾಂಗ್, ಆಮೇಲೆ ಸಿಂಗಪುರ. ಹತ್ತು ವರ್ಷವಾದಾಗ ಹುಡುಗನನ್ನು ಹಡಗು ಹತ್ತಿಸಿ ಇಂಗ್ಲೆಂಡಿನ ಜೆಸ್ಯೂಟ್ ಪಾದ್ರಿಗಳ ಬೋರ್ಡಿಂಗ್ ಶಾಲೆಗೆ ಕಳಿಸಿದರು.

ಓದು ಅಷ್ಟಕ್ಕಷ್ಟೇ, ಚಿತ್ರ ಬಿಡಿಸುವುದರಲ್ಲಿ ಮಾತ್ರ ಕೈ ಚುರುಕು. 1903ರಲ್ಲಿ, 16ನೇ ವಯಸ್ಸಿಗೇ, ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಸೇರಿದರು. ಮರುವರ್ಷ ತಂದೆಗೆ ಕ್ಯಾನ್ಸರ್. ಸಾಯುವ ಮುಂಚೆ ತಂದೆ ಮಗನಿಂದ ಒಂದು ಮಾತು ಪಡೆದುಕೊಂಡರು: ಚಿತ್ರ ಬಿಟ್ಟು ಬ್ಯಾಂಕ್ ಕೆಲಸಕ್ಕೆ ಸೇರಬೇಕು. ಮಗ ಮಾತು ಉಳಿಸಿಕೊಳ್ಳಲು ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಲಂಡನ್ ಕಚೇರಿಯಲ್ಲಿ ಗುಮಾಸ್ತನಾದರು. ಕೂಡುವ ಲೆಕ್ಕ ಕೂಡುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಬಿಟ್ಟರು. ತೀರಿಹೋದ ತಂದೆಗೆ ಕೊಟ್ಟ ಮಾತು ಮುರಿಯುವುದು 20ರ ಆಸುಪಾಸಿನ ಹುಡುಗನಿಗೆ ಸಣ್ಣ ವಿಷಯವಲ್ಲ. ಆದರೆ ಲೆಕ್ಕದ ಪುಸ್ತಕಕ್ಕೂ ಲೀಚ್‌ಗೂ ಆಗಿಬರುವುದಿಲ್ಲ ಅನ್ನುವುದು ಅಂದೇ ಗೊತ್ತಾಯಿತು. ಮುಂದೆ ಅವರ ಕಾರ್ಖಾನೆಯ ಕಥೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಬ್ಯಾಂಕ್ ಬಿಟ್ಟವರು ಎಚಿಂಗ್ ಕಲಿತರು, ಅಂದರೆ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಆಸಿಡ್‌ನಲ್ಲಿ ಅದ್ದಿ, ಕಾಗದಕ್ಕೆ ಅಚ್ಚು ಹಾಕುವ ಕಲೆ. ಅಲ್ಲಿ ಜಪಾನಿನ ಕವಿ-ಶಿಲ್ಪಿ ತಕಾಮುರ ಕೊತಾರೊ ಪರಿಚಯವಾಯಿತು. ಹುಟ್ಟಿದ ಹೊಸತರಲ್ಲಿ ನೋಡಿದ ದೇಶ ಮತ್ತೆ ಎಳೆಯಿತು. 1909ರಲ್ಲಿ ಅಚ್ಚಿನ ಯಂತ್ರ ಸಮೇತ ಟೋಕಿಯೋಗೆ ಹೊರಟರು. ಜಪಾನೀಯರಿಗೆ ಎಚಿಂಗ್ ಹೇಳಿಕೊಟ್ಟು ಬದುಕುವುದು ಅಂತ ಲೆಕ್ಕಾಚಾರ. ಸೋದರ ಸಂಬಂಧಿ ಮ್ಯೂರಿಯಲ್ ಹೊಯ್ಲ್ ಅವರನ್ನು ಅಲ್ಲೇ ಮದುವೆಯಾದರು.

ಅರ್ಧ ಗಂಟೆಯಲ್ಲಿ ಬದಲಾದ ಬದುಕು

1911ರಲ್ಲಿ ಟೋಕಿಯೋದಲ್ಲಿ ಕಲಾವಿದರ ಒಂದು ಕೂಟ. ಅಲ್ಲಿಗೆ ಲೀಚ್, ಗೆಳೆಯ ತೊಮಿಮೊತೊ ಕೆಂಕಿಚಿ ಜೊತೆಗೆ ಹೋದರು. ಬಂದವರಿಗೆಲ್ಲ ಒಂದೊಂದು ಸುಟ್ಟ, ಮೆರುಗಿಲ್ಲದ ಮಣ್ಣಿನ ಪಾತ್ರೆ ಕೊಟ್ಟು, ಕುಂಚ ಮತ್ತು ಬಣ್ಣ ಮುಂದಿಟ್ಟರು. ಇಷ್ಟ ಬಂದದ್ದು ಬರೆಯಿರಿ ಎಂದರು. ಲೀಚ್ ಕೂಡ ಒಂದರ ಮೇಲೆ ಚಿತ್ರ ಬರೆದರು. ಆಮೇಲೆ ಆ ಪಾತ್ರೆಗಳನ್ನು ಗ್ಲೇಜ್‌ನಲ್ಲಿ ಅದ್ದಿದರು. ಗ್ಲೇಜ್ ಅಂದರೆ ಗಾಜಾಗಿ ಕರಗುವ ಕಲ್ಲು-ಖನಿಜದ ಪುಡಿಯನ್ನು ನೀರಿನಲ್ಲಿ ಕಲಸಿದ ಗಂಜಿಯಂಥ ದ್ರವ. ಅಂಗಳದಲ್ಲಿ ಇದ್ದಿಲಿನ ಸಣ್ಣ ಭಟ್ಟಿ ಕೆಂಪಗೆ ಉರಿಯುತ್ತಿತ್ತು. ಉದ್ದ ಚಿಮಟದಿಂದ ಪಾತ್ರೆಗಳನ್ನು ಒಳಗಿಟ್ಟರು. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಅದೇ ಚಿಮಟದಿಂದ ಕೆಂಡದಂತೆ ಹೊಳೆಯುವ ಪಾತ್ರೆಗಳನ್ನು ಹೊರತೆಗೆದು ಹೆಂಚಿನ ಮೇಲಿಟ್ಟರು. ಟಿಣ್ ಟಿಣ್ ಅಂತ ಸದ್ದು ಮಾಡುತ್ತಾ ಅವು ತಣ್ಣಗಾದವು. ಗಾಜಿನ ಪದರದಡಿ ಬರೆದ ಚಿತ್ರ ಮೂಡಿತ್ತು. ಕೈಯಲ್ಲಿ ಹಿಡಿಯುವ ಹೊತ್ತಿಗೆ 24ರ ಆ ಚಿತ್ರಗಾರ ಕುಂಬಾರನಾಗಲು ತೀರ್ಮಾನಿಸಿಬಿಟ್ಟಿದ್ದರು.

ಈ ವಿಧಾನದ ಹೆಸರು ರಾಕು. ಮಾಮೂಲಿ ಮಡಕೆಯನ್ನು ಹಾಗೆ ಉರಿಯುವ ಭಟ್ಟಿಗೆ ಏಕಾಏಕಿ ಇಟ್ಟರೆ, ಏಕಾಏಕಿ ತೆಗೆದರೆ ಸಿಡಿದು ಚೂರಾಗುತ್ತದೆ. ರಾಕು ಮಣ್ಣಿಗೆ ಮರಳು ಅಥವಾ ಸುಟ್ಟ ಮಣ್ಣಿನ ಪುಡಿ ಬೆರೆಸಿರುತ್ತಾರೆ. ಅದು ಒಳಗೆ ಸಣ್ಣ ಸಣ್ಣ ಸಂದು ಬಿಡುವುದರಿಂದ ಶಾಖದ ಏಟನ್ನು ಮಣ್ಣು ತಾಳಿಕೊಳ್ಳುತ್ತದೆ. ಗ್ಲೇಜ್ ಕೂಡ ಕಡಿಮೆ ಶಾಖಕ್ಕೇ ಕರಗುವಂಥದ್ದು. ಇವತ್ತು ಬೆಂಗಳೂರಿನ ಪಾಟರಿ ಕ್ಲಾಸುಗಳಲ್ಲಿ ರಾಕು ದಿನ ಅಂತ ನಡೆಸುತ್ತಾರಲ್ಲ, ಅದರ ಮೂಲ ಈ ಜಪಾನೀ ಪದ್ಧತಿ. ಬಿಸಿ ಪಾತ್ರೆಯನ್ನು ಮರದ ಪುಡಿಯಲ್ಲಿ ಹೂತು ಹೊಗೆ ಹಿಡಿಸುವುದು ಮಾತ್ರ ಅಮೆರಿಕದವರು ಆಮೇಲೆ ಸೇರಿಸಿದ್ದು.

ಗುರು ಬೇಕಲ್ಲ. ಹುಡುಕಿದಾಗ ಸಿಕ್ಕವರು ಆರನೇ ಒಗತ ಕೆಂಜಾನ್. ದೊಡ್ಡ ಪರಂಪರೆಯ ಹೆಸರು, ಮನೆಯಲ್ಲಿ ಬಡತನ. ತೊಮಿಮೊತೊ ದುಭಾಷಿಯಾದರು. ಮುದುಕರು ತಿಗರಿಯ ಮುಂದೆ ಕೂರಿಸಿದರು, ಹೇಳಿದ್ದಕ್ಕಿಂತ ಮಾಡಿ ತೋರಿಸಿದ್ದೇ ಹೆಚ್ಚು. ಲೀಚ್ ಮನೆಯ ತೋಟದಲ್ಲೇ ಒಂದು ಭಟ್ಟಿಯನ್ನೂ ಕಟ್ಟಿಕೊಟ್ಟರು. ಕೊನೆಗೆ ಲೀಚ್ ಮತ್ತು ತೊಮಿಮೊತೊ ಇಬ್ಬರಿಗೂ ಏಳನೇ ಕೆಂಜಾನ್ ಎಂಬ ಅಧಿಕಾರಪತ್ರ ಬರೆದುಕೊಟ್ಟರು. ಪರಂಪರೆಯ ಹೆಸರನ್ನು ಒಬ್ಬ ವಿದೇಶೀಯನಿಗೆ ಕೊಡುವುದು ಆ ಕಾಲಕ್ಕೆ ಎಂಥ ಧೈರ್ಯ!

ಜಪಾನಿನಲ್ಲಿ ಆಗ ಕಾರ್ಖಾನೆ ಮಾಲು ನುಗ್ಗಿ ಹಳ್ಳಿಯ ಕಸುಬುಗಳು ಕಣ್ಮುಚ್ಚುತ್ತಿದ್ದವು. ಯನಾಗಿ ಸೊಯೆತ್ಸು ಎಂಬ ಚಿಂತಕ ಹಳ್ಳಿಯ ಹೆಸರಿಲ್ಲದ ಕುಂಬಾರ, ನೇಕಾರ, ಬಡಗಿ ಮಾಡಿದ ದಿನಬಳಕೆಯ ವಸ್ತುವಿನಲ್ಲೇ ನಿಜವಾದ ಸೌಂದರ್ಯ ಇದೆ ಎಂದು ವಾದಿಸುತ್ತಿದ್ದರು. ಲೀಚ್ ಅವರಿಗೆ ಆಪ್ತ ಗೆಳೆಯರಾದರು. ಮಧ್ಯೆ ಸ್ವಲ್ಪ ಕಾಲ ಲೀಚ್ ಚೀನಾದ ಪೆಕಿಂಗ್‌ಗೆ ಹೋಗಿ ಒಬ್ಬ ಪಂಡಿತನ ಹಿಂದೆ ಬಿದ್ದು ನಿರಾಶರಾದರು. ಯನಾಗಿಯೇ ವಾಪಸ್ ಕರೆತಂದು, ಅಬಿಕೊ ಎಂಬ ಊರಿನ ತಮ್ಮ ಮನೆಯ ಜಾಗದಲ್ಲಿ ಕಾರ್ಯಾಗಾರ ಮಾಡಿಸಿದರು. 1919ರಲ್ಲಿ ಭಟ್ಟಿ ಉರಿಸಿದ ಬಳಿಕ ಬೆಂಕಿ ಹತ್ತಿ ಕಾರ್ಯಾಗಾರ ಸುಟ್ಟುಹೋಯಿತು. ಬರೆದಿಟ್ಟ ಗ್ಲೇಜ್ ಲೆಕ್ಕಗಳೂ ಬೂದಿ. ಕುಂಬಾರನಿಗೆ ಮಡಕೆ ಹೋದರೆ ಮತ್ತೊಂದು ಮಾಡಬಹುದು, ಗ್ಲೇಜಿನ ಅಳತೆ ಹೋದರೆ ವರ್ಷಗಳೇ ಹೋದಂತೆ.

ಅದೇ ಹೊತ್ತಿಗೆ ಇಬ್ಬರು ಯುವಕರು ಈ ವಲಯಕ್ಕೆ ಬಂದರು. ಒಬ್ಬರು ಶೋಜಿ ಹಮಾದ. ಟೋಕಿಯೋದ ತಾಂತ್ರಿಕ ಶಾಲೆಯಲ್ಲಿ ಪಿಂಗಾಣಿ ವಿಜ್ಞಾನ ಓದಿ, ಕ್ಯೋಟೋದ ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಸಾವಿರಾರು ಗ್ಲೇಜ್‌ಗಳನ್ನು ಪರೀಕ್ಷಿಸಿದವರು. ಇನ್ನೊಬ್ಬರು ಭಾರತದವರು, ಸರ್ದಾರ್ ಗುರುಚರಣ್ ಸಿಂಗ್. ಪಿಂಗಾಣಿ ತಂತ್ರ ಕಲಿಯಲೆಂದು 1919ರಲ್ಲಿ ಜಪಾನಿಗೆ ಹೋದ ಅವರಿಗೆ ಲೀಚ್, ಹಮಾದ, ಯನಾಗಿ ಎಲ್ಲರ ಒಡನಾಟ ಸಿಕ್ಕಿತು. ದೇಶಕ್ಕೆ ಮರಳಿ ದೆಹಲಿಯಲ್ಲಿ ಡೆಲ್ಲಿ ಬ್ಲೂ ಪಾಟರಿ ಕಟ್ಟಿದರು. ಭಾರತದಲ್ಲಿ ಸ್ಟುಡಿಯೋ ಪಾಟರಿ ಬೇರುಬಿಟ್ಟಿದ್ದು ಅವರಿಂದ. ಹಾಗಾಗಿ ಬೆಂಗಳೂರಿನ ಅಂಗಡಿಯ ಆ ಕಪ್ಪಿಗೂ ಟೋಕಿಯೋದ ಆ ಕೂಟಕ್ಕೂ ಸಂಬಂಧ ಇಲ್ಲದಿಲ್ಲ.

ಮರವಿಲ್ಲದ ಊರಲ್ಲಿ ಸೌದೆ ಭಟ್ಟಿ

1920ರಲ್ಲಿ ಲೀಚ್ ಕುಟುಂಬ ಸಮೇತ ಇಂಗ್ಲೆಂಡಿಗೆ ಮರಳಿದರು. ಜೊತೆಗೆ ಹಮಾದ. ದೇಶದ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಸೇಂಟ್ ಐವ್ಸ್ ಅಂತ ಮೀನುಗಾರರ, ಕಲಾವಿದರ ಊರು. ಅಲ್ಲಿ ಫ್ರಾನ್ಸಿಸ್ ಹಾರ್ನ್ ಎಂಬ ಉಳ್ಳ ಮಹಿಳೆ ಕೈಕಸುಬಿನ ಸಂಘ ನಡೆಸುತ್ತಿದ್ದರು. ಒಬ್ಬ ಕುಂಬಾರ ಬೇಕಾಗಿತ್ತು, ಬಂಡವಾಳದ ನೆರವು ಸಿಕ್ಕಿತು. ಊರಾಚೆ ತೊರೆಯೊಂದರ ಪಕ್ಕದಲ್ಲಿ ಜಾಗ ಹಿಡಿದರು.

ಜಾಗದ ಆಯ್ಕೆ ವ್ಯಾಪಾರದ ಕಣ್ಣಿನಿಂದ ನೋಡಿದರೆ ಪೂರ್ತಿ ತಪ್ಪು. ಕುಂಬಾರಿಕೆಗೆ ಬೇಕಾದದ್ದು ಮೂರು: ಮಣ್ಣು, ಸೌದೆ, ಗಿರಾಕಿ. ಸೇಂಟ್ ಐವ್ಸ್‌ನಲ್ಲಿ ಮೂರಕ್ಕೂ ಕೊರತೆ. ಕಾರ್ನ್‌ವಾಲ್‌ನ ಬಿಳಿ ಚೀನಾ ಮಣ್ಣು ಲೋಕಪ್ರಸಿದ್ಧವೇ, ಆದರೆ ಅದಕ್ಕೆ ಜಿಗುಟಿಲ್ಲ. ತಿಗರಿಯ ಮೇಲೆ ಎತ್ತಿದರೆ ಕುಸಿಯುತ್ತದೆ. ಜಿಗುಟು ಮಣ್ಣನ್ನು ಹತ್ತಿರದ ಸೇಂಟ್ ಅರ್ತ್‌ನಿಂದ, ಪಕ್ಕದ ಜಿಲ್ಲೆಗಳಿಂದ ತಂದು ಬೆರೆಸಬೇಕಾಯಿತು. ಸಮುದ್ರದ ಗಾಳಿಗೆ ಬೋಳಾದ ಗುಡ್ಡಗಳಲ್ಲಿ ಮರವೇ ಇಲ್ಲ. ಗಿರಾಕಿಗಳೋ, ಬೇಸಿಗೆಯಲ್ಲಿ ಬರುವ ಪ್ರವಾಸಿಗರು.

ಅಂಥ ಊರಿನಲ್ಲಿ ಇಬ್ಬರೂ ಸೇರಿ ಜಪಾನೀ ಮಾದರಿಯ ಹತ್ತುಭಟ್ಟಿ ಕಟ್ಟಲು ಹೊರಟರು. ಪಶ್ಚಿಮ ದೇಶಗಳಲ್ಲೇ ಇಂಥದ್ದು ಮೊದಲನೆಯದು. ಇಳಿಜಾರಿನಲ್ಲಿ ಒಂದರ ಮೇಲೊಂದು ಮೆಟ್ಟಿಲಿನಂತೆ ಏರುವ ಕೋಣೆಗಳು. ಕೆಳಗಿನ ಒಲೆಯಲ್ಲಿ ಹಚ್ಚಿದ ಬೆಂಕಿ ಮೊದಲ ಕೋಣೆಯ ಪಾತ್ರೆ ಸುಟ್ಟು, ಅಲ್ಲಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಏರುತ್ತದೆ. ಮೊದಲ ಕೋಣೆ ಹದಕ್ಕೆ ಬರುವಷ್ಟರಲ್ಲಿ ಮುಂದಿನದು ಅರ್ಧ ಕಾದಿರುತ್ತದೆ, ಪಕ್ಕದ ಕಿಂಡಿಯಲ್ಲಿ ಸೌದೆ ತುರುಕಿ ಅದನ್ನು ಹದಕ್ಕೆ ತರುತ್ತಾರೆ. ಶಾಖ ವ್ಯರ್ಥವಾಗುವುದಿಲ್ಲ. ಕುಂಬಾರರ ಬಯಲು ಆವಿಗೆಯಲ್ಲಿ ಮಡಕೆ ಬೇಯುವುದು ಸುಮಾರು 700-800 ಡಿಗ್ರಿಗೆ. ಲೀಚ್‌ಗೆ ಬೇಕಾಗಿದ್ದುದು 1250ರಿಂದ 1300 ಡಿಗ್ರಿ. ಆ ಶಾಖದಲ್ಲಿ ಮಣ್ಣು ಕಲ್ಲಿನಂತೆ ಬಿಗಿಯುತ್ತದೆ, ನೀರು ಜಿನುಗುವುದಿಲ್ಲ. ಇದಕ್ಕೆ ಸ್ಟೋನ್‌ವೇರ್ ಎನ್ನುತ್ತಾರೆ. ಅಜ್ಜಿಯರ ಕಾಲದ ಉಪ್ಪಿನಕಾಯಿ ಭರಣಿ ನೋಡಿದವರಿಗೆ ಇದು ಹೊಸದಲ್ಲ, ಅದೂ ಸ್ಟೋನ್‌ವೇರೇ.

ಇಬ್ಬರೂ ಗಾರೆ ಕೆಲಸದವರಲ್ಲ. ಭಟ್ಟಿ ಬಿರುಕು ಬಿಟ್ಟಿತು. ಒಂದು ಕಡೆ ಪಾತ್ರೆ ಕರಗಿದರೆ ಇನ್ನೊಂದು ಕಡೆ ಹಸಿಹಸಿ. ದಿನಗಟ್ಟಲೆ ತಿಗರಿ ತುಳಿದು ಮಾಡಿದ್ದು ಒಂದು ರಾತ್ರಿಯಲ್ಲಿ ಹಾಳು. ಕೊನೆಗೆ 1922ರಲ್ಲಿ ಜಪಾನಿನಿಂದ ಮತ್ಸುಬಯಾಶಿ ಎಂಬವರು ಬಂದರು. ತಲೆತಲಾಂತರದ ಕುಂಬಾರರ ಮನೆತನದವರು, ಭಟ್ಟಿ ಕಟ್ಟುವುದರಲ್ಲಿ ಎಂಜಿನಿಯರ್. ಹಳೆಯದನ್ನು ಕೆಡವಿ ಮೂರು ಕೋಣೆಯ ಹೊಸ ಭಟ್ಟಿ ಎಬ್ಬಿಸಿದರು. ಆ ಭಟ್ಟಿ 1970ರ ದಶಕದವರೆಗೂ ಉರಿಯಿತು. ಲೀಚ್ ಹೆಸರು ಜಗತ್ತಿಗೆಲ್ಲ ಗೊತ್ತು, ಆ ಹೆಸರನ್ನು ಸುಟ್ಟು ಗಟ್ಟಿ ಮಾಡಿದ ಭಟ್ಟಿಯ ಮೇಸ್ತ್ರಿ ಹೆಸರು ಎಷ್ಟು ಜನಕ್ಕೆ ಗೊತ್ತು?

ಬಣ್ಣದ ಗುಟ್ಟು ಒಂದಿದೆ. ಅಂಗಡಿಯಲ್ಲಿ ಕೇಳುವವರಿಗೆ ಹೇಳಲು ಬರುತ್ತದೆ. ಲೀಚ್ ಪಾತ್ರೆಗಳ ಕಪ್ಪು-ಕಂದು ಮೆರುಗಿಗೆ ತೆನ್‌ಮೊಕು, ತಿಳಿ ಬೂದುಹಸಿರಿಗೆ ಸೆಲಡಾನ್ ಎಂದು ಹೆಸರು. ಎರಡರಲ್ಲೂ ಬಣ್ಣ ಕೊಡುವುದು ಒಂದೇ ಕಬ್ಬಿಣದ ಅಂಶ. ಕಬ್ಬಿಣ ಜಾಸ್ತಿ ಇದ್ದರೆ ತೆನ್‌ಮೊಕು, ತೀರಾ ಕಡಿಮೆ ಇದ್ದರೆ ಸೆಲಡಾನ್. ಭಟ್ಟಿ ಹದಕ್ಕೆ ಬಂದಾಗ ಗಾಳಿ ಕಡಿಮೆ ಮಾಡುತ್ತಾರೆ. ಉಸಿರು ಸಾಲದ ಬೆಂಕಿ ಗ್ಲೇಜಿನಲ್ಲಿರುವ ಕಬ್ಬಿಣದಿಂದಲೇ ಆಮ್ಲಜನಕ ಎಳೆದುಕೊಳ್ಳುತ್ತದೆ. ಆಗ ತುಕ್ಕಿನ ಬಣ್ಣದ ಕಬ್ಬಿಣ ಹಸಿರಿಗೆ ತಿರುಗುತ್ತದೆ. ಗಾಳಿ ಎಷ್ಟು, ಯಾವಾಗ ಅನ್ನುವುದು ಕೈಹದ. ಮರದ ಬೂದಿಯೂ ಗ್ಲೇಜ್ ಆಗುತ್ತದೆ. ಲೀಚ್ ಶಿಷ್ಯೆ ಕ್ಯಾಥರೀನ್ ಪ್ಲೈಡೆಲ್-ಬೂವರೀ ಬೇರೆ ಬೇರೆ ಮರ, ಗಿಡಗಳ ಬೂದಿ ಸುಟ್ಟು, ಸೋಸಿ, ಯಾವುದರಿಂದ ಯಾವ ಬಣ್ಣ ಬರುತ್ತದೆ ಅಂತ ವರ್ಷಗಟ್ಟಲೆ ಬರೆದಿಟ್ಟರು.

1923ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಭೂಕಂಪವಾಯಿತು. ವರ್ಷದ ಕೊನೆಗೆ ಹಮಾದ ಊರಿಗೆ ಹೊರಟರು. ಮುಂದೆ ಮಾಶಿಕೊ ಎಂಬ ಕುಂಬಾರರ ಹಳ್ಳಿಯಲ್ಲಿ ನೆಲೆನಿಂತು, ಪಾತ್ರೆಗಳಿಗೆ ತಮ್ಮ ಮುದ್ರೆ ಒತ್ತುವುದನ್ನೇ ಬಿಟ್ಟರು. 1955ರಲ್ಲಿ ಜಪಾನ್ ಸರ್ಕಾರ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಎಂದು ಘೋಷಿಸಿತು. ಲೀಚ್‌ಗೆ ಅವರಷ್ಟು ಒಳ್ಳೆಯ ಗೆಳೆಯ ಮತ್ತೆ ಸಿಗಲಿಲ್ಲ.

ಹಮಾದ ಹೋಗುವ ಹೊತ್ತಿಗೆ ಮೈಕೆಲ್ ಕಾರ್ಡ್ಯೂ ಶಿಷ್ಯರಾಗಿ ಸೇರಿದ್ದರು. ಹಳೆಯ ಇಂಗ್ಲಿಷ್ ಹಳ್ಳಿ ಕುಂಬಾರರ ಸ್ಲಿಪ್‌ವೇರ್, ಅಂದರೆ ಕೆಂಪು ಮಣ್ಣಿನ ಪಾತ್ರೆಯ ಮೇಲೆ ಬಿಳಿ ಮಣ್ಣಿನ ನೀರಿನಿಂದ ಜಿಲೇಬಿ ಬಿಟ್ಟಂತೆ ಗೆರೆ ಎಳೆಯುವ ಕಲೆ, ಆಗಲೇ ಮರೆಯಾಗುತ್ತಿತ್ತು. ಲೀಚ್ ಮತ್ತು ಕಾರ್ಡ್ಯೂ ಅದನ್ನು ಎತ್ತಿ ನಿಲ್ಲಿಸಿದರು. ಕಾರ್ಡ್ಯೂ ಮುಂದೆ ಆಫ್ರಿಕಾಕ್ಕೆ ಹೋಗಿ ನೈಜೀರಿಯಾದ ಅಬುಜಾದಲ್ಲಿ ತರಬೇತಿ ಕೇಂದ್ರ ನಡೆಸಿದರು.

ಅಪ್ಪನ ಹಟ, ಮಗನ ಲೆಕ್ಕ

ಇಷ್ಟೆಲ್ಲ ಆದರೂ ಗಲ್ಲಾ ಪೆಟ್ಟಿಗೆ ಖಾಲಿ. ಲಂಡನ್ನಿನ ಗ್ಯಾಲರಿಗಳಲ್ಲಿ ಪ್ರದರ್ಶನ ಮಾಡಿದರೆ ಪತ್ರಿಕೆಗಳು ಹೊಗಳುತ್ತಿದ್ದವು, ಕೊಳ್ಳುವವರು ಕಡಿಮೆ. ಹಳ್ಳಿ ಮಾದರಿಯ ಸ್ಲಿಪ್‌ವೇರನ್ನು ಅಗ್ಗಕ್ಕೆ ಕೊಟ್ಟರೆ ಖರ್ಚು ಹುಟ್ಟುತ್ತಿರಲಿಲ್ಲ. ಕಾರ್ಖಾನೆಯ ಬಿಳಿ ಕಪ್-ಸಾಸರ್ ಅದಕ್ಕಿಂತ ಅಗ್ಗ, ನೋಡಲು ಅಚ್ಚುಕಟ್ಟು. ಬೆಂಕಿಗೂಡಿನ ಸುತ್ತ ಹಾಕುವ ಟೈಲ್ಸ್ ಮಾಡಿ ಮಾರಿದರು. ಜಪಾನಿಗೆ ಪಾತ್ರೆ ಕಳಿಸಿದಾಗ ಅಲ್ಲಿನ ಗೆಳೆಯರು ಪ್ರದರ್ಶನ ಮಾಡಿ ಮಾರಿ ಹಣ ಕಳಿಸುತ್ತಿದ್ದರು. ಇಂಗ್ಲೆಂಡಿನ ಕುಂಬಾರನ ಸಂಸಾರ ಜಪಾನಿನ ಗಿರಾಕಿಯಿಂದ ನಡೆದ ಕಾಲ ಅದು. ಐದು ಮಕ್ಕಳ ಮನೆ ಬೇರೆ.

ಲೀಚ್ ಮನಸ್ಸಿನ ಒಳಗೇ ಒಂದು ತೊಡಕಿತ್ತು. ಬಡವರ ಮನೆಗೂ ಸಲ್ಲುವ, ಕೈಗೆ ಹಿತವಾದ ದಿನಬಳಕೆಯ ಪಾತ್ರೆ ಬೇಕು ಅಂತ ಬರೆಯುತ್ತಿದ್ದರು. ಮಾಡುತ್ತಿದ್ದುದು ಮಾತ್ರ ಒಂದರಂತೆ ಒಂದಿಲ್ಲದ, ಗ್ಯಾಲರಿ ಬೆಲೆಯ ಪಾತ್ರೆ.

ಅವರನ್ನು ಕೈಹಿಡಿದವರು ಡೆವನ್ ಜಿಲ್ಲೆಯ ಡಾರ್ಟಿಂಗ್‌ಟನ್‌ನಲ್ಲಿ ಗ್ರಾಮ ಪುನರ್ನಿರ್ಮಾಣದ ಪ್ರಯೋಗ ನಡೆಸುತ್ತಿದ್ದ ಲೆನಾರ್ಡ್ ಎಲ್ಮ್‌ಹರ್ಸ್ಟ್ ದಂಪತಿ. ಈ ಎಲ್ಮ್‌ಹರ್ಸ್ಟ್ ಬೇರೆ ಯಾರೂ ಅಲ್ಲ, 1922ರಲ್ಲಿ ರವೀಂದ್ರನಾಥ ಟ್ಯಾಗೋರರ ಜೊತೆ ಶಾಂತಿನಿಕೇತನದ ಪಕ್ಕ ಶ್ರೀನಿಕೇತನ ಕಟ್ಟಿದವರು. ಅವರು ಲೀಚ್‌ಗೆ ಡಾರ್ಟಿಂಗ್‌ಟನ್‌ನಲ್ಲಿ ಕೆಲಸ ಕೊಟ್ಟರು, 1934ರಲ್ಲಿ ಜಪಾನ್ ಪ್ರವಾಸಕ್ಕೆ ಹಣ ಕೊಟ್ಟರು.

ಲೀಚ್ ಜಪಾನಿನಲ್ಲಿದ್ದಾಗ ಹಿರಿಮಗ ಡೇವಿಡ್ ಒಂದು ತೀರ್ಮಾನ ಮಾಡಿದರು. ಸ್ಟೋಕ್ ಪಟ್ಟಣದ ತಾಂತ್ರಿಕ ಕಾಲೇಜಿಗೆ ಸೇರಿ ಪಿಂಗಾಣಿ ಕಾರ್ಖಾನೆ ನಡೆಸುವ ವಿದ್ಯೆ ಕಲಿಯುವುದು. ಸ್ಟೋಕ್ ಅಂದರೆ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳ ರಾಜಧಾನಿ. ಯಾವ ಯಂತ್ರದ ಮಾಲಿನ ವಿರುದ್ಧ ಅಪ್ಪ ಇಪ್ಪತ್ತು ವರ್ಷದಿಂದ ಮಾತಾಡುತ್ತಿದ್ದರೋ, ಮಗ ಅದೇ ಊರಿಗೆ ಕಲಿಯಲು ಹೋದ! ಸುದ್ದಿ ತಿಳಿದ ಲೀಚ್‌ಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಮಗ ಹಿಂದೆ ಸರಿಯಲಿಲ್ಲ. ಅಪ್ಪನ ಕೈಯ ಪಾತ್ರೆ ಎಷ್ಟು ಚೆಂದ ಅಂತ ಮಗನಿಗೆ ಗೊತ್ತಿತ್ತು. ಭಟ್ಟಿಯಲ್ಲಿ ಎಷ್ಟು ಒಡೆಯುತ್ತದೆ ಅನ್ನುವುದೂ ಗೊತ್ತಿತ್ತು.

ಎರಡು ವರ್ಷ ಕಲಿತು ಬಂದ ಡೇವಿಡ್ ಸೇಂಟ್ ಐವ್ಸ್ ಕಾರ್ಯಾಗಾರವನ್ನು ಬುಡದಿಂದ ಬದಲಿಸಿದರು. ಸೌದೆ ಸಾಲದ ಭಟ್ಟಿಗೆ ಎಣ್ಣೆಯ ಬರ್ನರ್ ಬಂತು. ಮಣ್ಣು ಕಲಸಲು ಯಂತ್ರ ಬಂತು. ಮಣ್ಣಿನ ಮಿಶ್ರಣ ಪ್ರತಿ ಸಲ ಒಂದೇ ಥರ ಬರುವಂತೆ ತೂಕ ಮಾಡಿ ಬರೆದಿಟ್ಟರು. ಕಡಿಮೆ ಶಾಖದ, ಸುಲಭವಾಗಿ ಚಕ್ಕೆ ಏಳುವ ಕೆಂಪು ಪಾತ್ರೆ ನಿಲ್ಲಿಸಿ, ಎಲ್ಲವನ್ನೂ ಸ್ಟೋನ್‌ವೇರ್ ಮಾಡಿದರು. ಕಲಾಶಾಲೆ ಮಕ್ಕಳ ಜೊತೆ ಊರಿನ ಹುಡುಗರನ್ನೂ ಕೆಲಸಕ್ಕೆ ತೆಗೆದುಕೊಂಡರು. 1938ರಲ್ಲಿ 14ರ ಹುಡುಗ ಬಿಲ್ ಮಾರ್ಷಲ್ ಹಾಗೆ ಸೇರಿದವರು. ಮುಂದೆ ಅಲ್ಲಿನ ಮುಖ್ಯ ಕೈಯಾದರು. ಲೀಚ್ ಚೀಟಿಯಲ್ಲಿ ಬರೆದುಕೊಟ್ಟ ದೊಡ್ಡ ಹೂಜಿಗಳನ್ನು ತಿಗರಿಯಲ್ಲಿ ಎತ್ತಿಕೊಡುತ್ತಿದ್ದವರೂ ಅವರೇ. ತಿಗರಿ ಕೆಲಸದಲ್ಲಿ ಲೀಚ್ ಅಂಥ ನಿಪುಣರಲ್ಲ ಅನ್ನುವುದು ಗೊತ್ತಿದ್ದ ವಿಷಯ. ಆಕಾರ ಕಾಣುವ ಕಣ್ಣು, ಕುಂಚ ಹಿಡಿದ ಕೈ ಅವರ ಬಲ.

ಅಪ್ಪ-ಮಗ ಸೇರಿ ರೂಪಿಸಿದ್ದು ಸ್ಟ್ಯಾಂಡರ್ಡ್ ವೇರ್. ಮಗ್, ಹಾಲಿನ ಜಗ್, ಮುಚ್ಚಳದ ಸೂಪ್ ಬೋಗುಣಿ, ಒಲೆಯೊಳಗಿಡುವ ಪಾತ್ರೆ, ಮೊಟ್ಟೆ ಬೇಯಿಸುವ ಕುಡಿಕೆ ಹೀಗೆ ಅಡುಗೆಮನೆಗೆ ಬೇಕಾದದ್ದು. ಆಕಾರ ಲೀಚ್ ನಿಶ್ಚಯಿಸಿದ್ದು. ಪ್ರತಿ ಪಾತ್ರೆಗೂ ಇಷ್ಟು ತೂಕದ ಮಣ್ಣಿನ ಉಂಡೆ, ಇಷ್ಟು ಎತ್ತರ, ಇಷ್ಟು ಅಗಲ ಅಂತ ಗೊತ್ತುಪಡಿಸಿದ ಅಳತೆ. ಮಾಡುವುದು ಕೈಯಲ್ಲೇ. ಹೊಸ ಹುಡುಗ ಒಂದೇ ಬಗೆಯ ಪಾತ್ರೆಯನ್ನು ನೂರುಗಟ್ಟಲೆ ಮಾಡಬೇಕು, ಅಳತೆಗೆ ಸರಿಯಿಲ್ಲದ್ದು ಮತ್ತೆ ಮಣ್ಣಿನ ರಾಶಿಗೆ. ಚಿತ್ರ ಸಮೇತ ಕ್ಯಾಟಲಾಗ್ ಅಚ್ಚಾಯಿತು. ಅಂಚೆಯಲ್ಲಿ ಆರ್ಡರ್ ಬಂತು. ಹೀಲ್ಸ್, ಲಿಬರ್ಟಿಯಂಥ ಲಂಡನ್ ಅಂಗಡಿಗಳೂ ತರಿಸಿಕೊಂಡವು. ಸ್ಟ್ಯಾಂಡರ್ಡ್ ವೇರ್ ಮೇಲೆ ಕಾರ್ಯಾಗಾರದ ಮುದ್ರೆ ಮಾತ್ರ, ಲೀಚ್ ಸ್ವಂತ ಪಾತ್ರೆಗಳ ಮೇಲೆ ಬಿ.ಎಲ್. ಗುರುತೂ ಇರುತ್ತಿತ್ತು. ಮೊದಲಿನದು ಮನೆಗೆ, ಎರಡನೆಯದು ಗ್ಯಾಲರಿಗೆ. ಹೀಗೆ ಎರಡು ಬೆಲೆಯ ವ್ಯಾಪಾರ ಒಂದೇ ಸೂರಿನಡಿ ನಡೆಯಿತು.

ಎರಡನೇ ಮಹಾಯುದ್ಧದ ಕಾಲ ಈ ವ್ಯಾಪಾರಕ್ಕೆ ಒದಗಿಬಂತು. 1941ರ ಜನವರಿಯಲ್ಲಿ ಶತ್ರು ವಿಮಾನ ಬೀಳಿಸಿದ ಬಾಂಬ್ ಕಾರ್ಯಾಗಾರದ ಜಾಗಕ್ಕೇ ಬಿದ್ದು ಸಾಕಷ್ಟು ಹಾನಿಯಾಗಿತ್ತು ನಿಜ. ಆದರೆ ಕಾರ್ಖಾನೆಗಳು ಬಣ್ಣಬಣ್ಣದ ಪಿಂಗಾಣಿಯನ್ನು ದೇಶದೊಳಗೆ ಮಾರುವಂತಿಲ್ಲ ಅಂತ ಸರ್ಕಾರದ ನಿರ್ಬಂಧವಿತ್ತು. ಬರೀ ಬಿಳಿ ಪಾತ್ರೆ ನೋಡಿ ಬೇಸತ್ತ ಜನ ಕೈಯ ಗುರುತಿರುವ ಈ ಪಾತ್ರೆಗಳತ್ತ ತಿರುಗಿದರು. ಯುದ್ಧ ಮುಗಿಯುವ ಹೊತ್ತಿಗೆ ಸೇಂಟ್ ಐವ್ಸ್ ಕಾರ್ಯಾಗಾರಕ್ಕೆ ಕೈತುಂಬ ಕೆಲಸ.

ಬಾಂಬ್ ಬೀಳುವ ಹಿಂದಿನ ವರ್ಷ, 1940ರಲ್ಲಿ, ಲೀಚ್ ಬರೆದ ಎ ಪಾಟರ್ಸ್ ಬುಕ್ ಹೊರಬಂತು. ಮಣ್ಣು ಹದ ಮಾಡುವುದು, ತಿಗರಿ, ಗ್ಲೇಜಿನ ಅಳತೆ, ಭಟ್ಟಿಯ ನಕ್ಷೆ, ರಾಕು, ಸ್ಲಿಪ್‌ವೇರ್, ಸ್ಟೋನ್‌ವೇರ್ ಎಲ್ಲವೂ ಅದರಲ್ಲಿ. ಕಸುಬಿನ ಗುಟ್ಟನ್ನು ಮನೆಯೊಳಗೇ ಮುಚ್ಚಿಟ್ಟುಕೊಳ್ಳುವ ಲೋಕದಲ್ಲಿ ಹೀಗೆ ಎಲ್ಲ ಬಿಚ್ಚಿಟ್ಟಿದ್ದು ದೊಡ್ಡ ಮನಸ್ಸು. ಕುಂಬಾರರಲ್ಲದವರೂ ಕುಂಬಾರರಾಗಬಹುದು ಅಂತ ಧೈರ್ಯ ಕೊಟ್ಟ ಪುಸ್ತಕ ಇದು. ಅಮೆರಿಕದ ವಾರೆನ್ ಮೆಕೆನ್ಜಿ ದಂಪತಿ ಅದನ್ನು ಓದಿಯೇ ಸೇಂಟ್ ಐವ್ಸ್‌ಗೆ ಬಂದು ಎರಡು ವರ್ಷ ಕಲಿತರು. ಮೆಕೆನ್ಜಿ ಊರಿಗೆ ಮರಳಿ ಮಿನೆಸೋಟದಲ್ಲಿ ಪಾತ್ರೆ ಮಾಡಿ, ಅಂಗಡಿಯಲ್ಲಿ ಯಾರನ್ನೂ ಕೂರಿಸದೆ, ದುಡ್ಡು ಹಾಕಲು ಒಂದು ಬುಟ್ಟಿ ಇಟ್ಟು ವರ್ಷಗಟ್ಟಲೆ ಮಾರಿದರು. ಕೊನೆಗೆ ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವವರ ಕಾಟಕ್ಕೆ ಅದನ್ನು ಮುಚ್ಚಬೇಕಾಯಿತು.

ಮನೆಯ ಬದುಕು ಮಾತ್ರ ನೆಟ್ಟಗಿರಲಿಲ್ಲ. ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದ ಲಾರಿ ಕುಕ್ಸ್ ಜೊತೆಗಿನ ಸಂಬಂಧದಿಂದ ಮ್ಯೂರಿಯಲ್ ಜೊತೆಗಿನ ಸಂಸಾರ ಮುರಿಯಿತು. 1944ರಲ್ಲಿ ಎರಡನೇ ಮದುವೆ, ಅದೂ ಉಳಿಯಲಿಲ್ಲ. 1956ರಲ್ಲಿ, 69ನೇ ವಯಸ್ಸಿಗೆ, ಅಮೆರಿಕದ ಕುಂಬಾರ್ತಿ ಜಾನೆಟ್ ಡಾರ್ನೆಲ್ ಅವರನ್ನು ಮದುವೆಯಾದರು. ಇಬ್ಬರೂ ಜಪಾನಿನಲ್ಲಿ ನೆಲೆಸಬೇಕೆಂದಿದ್ದರು. ಆದರೆ ಅದೇ ಹೊತ್ತಿಗೆ ಡೇವಿಡ್, ತಮ್ಮ ಮೈಕೆಲ್ ಇಬ್ಬರೂ ಸ್ವಂತ ಭಟ್ಟಿ ಹಾಕಲು ಸೇಂಟ್ ಐವ್ಸ್ ಬಿಟ್ಟರು. ಕಾರ್ಯಾಗಾರದ ಹೊಣೆ ಜಾನೆಟ್ ಹೆಗಲಿಗೆ ಬಿತ್ತು. ಹಮಾದರ ಬಳಿ ಕಲಿತಿದ್ದ ಅವರು ಒಳ್ಳೆಯ ಕಲಾವಿದೆ. ಆದರೂ ಸಂಬಳ, ಆರ್ಡರ್, ಎಣ್ಣೆ ಖರ್ಚು ನೋಡಿಕೊಂಡೇ ದಿನ ಕಳೆದರು. ಲೀಚ್ ಲೋಕ ಸುತ್ತಿ ಭಾಷಣ ಮಾಡುತ್ತಿದ್ದರು. ಮೊದಲು ಬ್ಯಾಂಕ್ ಬಿಟ್ಟವರಿಗೆ ಕೊನೆಯವರೆಗೂ ಯಾರಾದರೂ ಲೆಕ್ಕ ಬರೆದುಕೊಡುತ್ತಲೇ ಇದ್ದರು.

1952ರಲ್ಲಿ ಡಾರ್ಟಿಂಗ್‌ಟನ್‌ನಲ್ಲಿ ಕುಂಬಾರರ ಮತ್ತು ನೇಕಾರರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆಮೇಲೆ ಲೀಚ್, ಯನಾಗಿ, ಹಮಾದ ಮೂವರೂ ಅಮೆರಿಕ ಸುತ್ತಿ ಜಪಾನಿಗೆ ಹೋದರು. ಜಪಾನಿನ ಹಳ್ಳಿ ಭಟ್ಟಿಗಳಲ್ಲಿ ಲೀಚ್ ಇಂಗ್ಲಿಷ್ ಜಗ್ಗಿನ ಹಿಡಿ ಎಳೆಯುವುದನ್ನು ಹೇಳಿಕೊಟ್ಟರು. ಒದ್ದೆ ಮಣ್ಣಿನ ತುಂಡನ್ನು ಪಾತ್ರೆಗೆ ಅಂಟಿಸಿ, ಹಸುವಿನ ಮೊಲೆ ಹಿಂಡಿದಂತೆ ನೀರು ಮುಟ್ಟಿಸಿ ಎಳೆದು, ಬಾಗಿಸಿ ಕೂಡಿಸುವ ಕೆಲಸ ಅದು. ಜಪಾನಿನ ಬಟ್ಟಲಿಗೆ ಹಿಡಿ ಇರುವುದಿಲ್ಲ. ಶಿಮಾನೆ ಕಡೆಯ ಕುಂಬಾರರು ಇಂದಿಗೂ ಆ ಹಿಡಿ ಹಾಕುತ್ತಾರೆ, ಲೀಚ್ ಕಲಿಸಿದ ಮೊಟ್ಟೆ ಕುಡಿಕೆಯನ್ನೂ ಮಾಡಿ ಮಾರುತ್ತಾರೆ. ಪೂರ್ವದಿಂದ ಕಲಿತದ್ದಕ್ಕೆ ಇದು ಬಡ್ಡಿ.

ಲೀಚ್ ಬಗ್ಗೆ ತಕರಾರು ಇಲ್ಲದಿಲ್ಲ. ಅವರ ಪ್ರಭಾವದಿಂದ ಇಂಗ್ಲೆಂಡಿನಲ್ಲಿ ಎಲ್ಲಿ ನೋಡಿದರೂ ಕಂದು ಪಾತ್ರೆ, ಬೇರೆ ದಾರಿಗೆ ಜಾಗವೇ ಇಲ್ಲದಂತಾಯಿತು ಎಂದು ಮುಂದಿನ ತಲೆಮಾರು ದೂರಿತು. ವಿಯೆನ್ನಾದಿಂದ ನಿರಾಶ್ರಿತರಾಗಿ ಲಂಡನ್ನಿಗೆ ಬಂದ ಲೂಸಿ ರೀ ಅವರ ತೆಳು ಪಾತ್ರೆಗಳನ್ನು ಲೀಚ್ ಮೊದಲು ಮೆಚ್ಚಲಿಲ್ಲ, ಆಮೇಲೆ ಇಬ್ಬರೂ ಬಾಳಿನುದ್ದಕ್ಕೂ ಸ್ನೇಹಿತರಾದರು. ಅವರು ಕಂಡ ಜಪಾನ್ ನಿಜವಾದ ಜಪಾನ್ ಅಲ್ಲ, ಕನಸಿನ ಜಪಾನ್ ಅನ್ನುವ ಮಾತೂ ಇದೆ. ಇದರಲ್ಲಿ ಹುರುಳಿದೆ. ಆದರೆ ಅವರು ಕಂಡ ಕನಸಿನಿಂದ ಎಷ್ಟೋ ಊರಿನಲ್ಲಿ ಭಟ್ಟಿ ಹತ್ತಿಕೊಂಡಿದ್ದೂ ನಿಜ.

ಗೌರವಗಳು ತಡವಾಗಿ ಒಟ್ಟಿಗೆ ಬಂದವು. 1968ರಲ್ಲಿ ಸೇಂಟ್ ಐವ್ಸ್ ಪಟ್ಟಣ ಪೌರ ಸನ್ಮಾನ ಮಾಡಿತು. 1973ರಲ್ಲಿ ರಾಣಿಯಿಂದ ಕಂಪ್ಯಾನಿಯನ್ ಆಫ್ ಆನರ್. 1977ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವರ ಬದುಕಿಡೀ ಮಾಡಿದ ಪಾತ್ರೆಗಳ ದೊಡ್ಡ ಪ್ರದರ್ಶನ ಇಟ್ಟಿತು. ಅಷ್ಟರಲ್ಲಿ ಲೀಚ್‌ಗೆ ಕಣ್ಣು ಕಾಣುತ್ತಿರಲಿಲ್ಲ. 70ರ ದಶಕದ ಆರಂಭದಲ್ಲೇ ತಿಗರಿ ಬಿಟ್ಟಿದ್ದರು. ಕೊನೆಯ ಪುಸ್ತಕಗಳನ್ನು ಬಾಯಲ್ಲಿ ಹೇಳಿ ಬರೆಸಿದರು. 1978ರ ಜನವರಿಯಲ್ಲಿ ಹಮಾದ ತೀರಿಕೊಂಡರು. ಮರುವರ್ಷ, 1979ರ ಮೇ 6ರಂದು, 92ನೇ ವಯಸ್ಸಿನಲ್ಲಿ ಲೀಚ್ ಕಣ್ಮುಚ್ಚಿದರು.

ಲೀಚ್ ಹೋದ ಮೇಲೆ ಜಾನೆಟ್ ಸ್ಟ್ಯಾಂಡರ್ಡ್ ವೇರ್ ನಿಲ್ಲಿಸಿ ತಮ್ಮ ಸ್ವಂತ ಕೆಲಸಕ್ಕೆ ತಿರುಗಿದರು. 1997ರಲ್ಲಿ ಅವರೂ ತೀರಿಕೊಂಡರು. ಸೊರಗಿದ್ದ ಜಾಗವನ್ನು ಊರವರು, ಕುಂಬಾರರು ಸೇರಿ ಹಣ ಕೂಡಿಸಿ ದುರಸ್ತಿ ಮಾಡಿ 2008ರಲ್ಲಿ ಮತ್ತೆ ತೆರೆದರು. ಮತ್ಸುಬಯಾಶಿ ಕಟ್ಟಿದ ಮೂರು ಕೋಣೆಯ ಭಟ್ಟಿ ಈಗ ಉರಿಯುವುದಿಲ್ಲ, ನೋಡಲು ಇದೆ. ಪಕ್ಕದ ಹೊಸ ಕಟ್ಟಡದಲ್ಲಿ ಕಲಿಯಲು ಬಂದ ಹುಡುಗ-ಹುಡುಗಿಯರು ಮಣ್ಣು ತೂಗಿ ಉಂಡೆ ಕಟ್ಟಿ, ಮಗ್, ಜಗ್, ಬೋಗುಣಿ ಮಾಡುತ್ತಾರೆ. ಅವನ್ನು ಅಲ್ಲಿನ ಅಂಗಡಿಯಲ್ಲೇ ಮಾರುತ್ತಾರೆ.